ಯುದ್ಧಾಪರಾಧಕ್ಕೆ ಕಾನೂನು ಬರೆದ ಆಯೋಗದಲ್ಲಿ ಮಂಗಳೂರಿನ ಬಿ.ಎನ್. ರಾವ್

ಸಂವಿಧಾನದ ಮಾತು ಬಂದಾಗ ಡಾ. ಅಂಬೇಡ್ಕರ್ ಅವರ ಜೊತೆಗೆ ಸರ್ ಬೆನಗಲ್ ನರಸಿಂಗ ರಾವ್ ಅವರ ಹೆಸರೂ ಬರುತ್ತದೆ. ಸಂವಿಧಾನ ಸಭೆಯ ಸಲಹೆಗಾರರಾಗಿ 1947ರ ಅಕ್ಟೋಬರಿನಲ್ಲಿ ಮೊದಲ ಕರಡು ಸಿದ್ಧಪಡಿಸಿಕೊಟ್ಟವರು ಅವರು. ಯುದ್ಧಾಪರಾಧಿಗಳ ವಿಚಾರಣೆಗೆ ತತ್ವಗಳನ್ನು ಬರೆದಿಟ್ಟ ವಿಶ್ವಸಂಸ್ಥೆಯ ಆಯೋಗದಲ್ಲೂ ಅವರು ಸದಸ್ಯರಾಗಿದ್ದರು ಎಂಬುದು ಮಾತ್ರ ಹೆಚ್ಚು ಜನರಿಗೆ ತಿಳಿದಿಲ್ಲ.

ರಾವ್ ಹುಟ್ಟಿದ್ದು 1887ರ ಫೆಬ್ರವರಿ 26ರಂದು, ಮಂಗಳೂರಿನಲ್ಲಿ. ತಂದೆ ವೈದ್ಯರು. ಆ ಕಾಲದಲ್ಲಿ ಮಂಗಳೂರೂ, ನಮ್ಮ ತಾಳವಾಡಿ ಬೆಟ್ಟದ ಊರುಗಳು ಸೇರಿದ್ದ ಕೋಯಮತ್ತೂರು ಜಿಲ್ಲೆಯೂ ಒಂದೇ ಮದ್ರಾಸ್ ಪ್ರಾಂತ್ಯದಲ್ಲಿದ್ದವು. ಮಂಗಳೂರಿನ ಕೆನರಾ ಹೈಸ್ಕೂಲು, ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜು, ಆಮೇಲೆ ಕೇಂಬ್ರಿಜ್‌ನಲ್ಲಿ ಓದಿದರು. ಐಸಿಎಸ್ ಪಾಸಾಗಿ ಬಂಗಾಳದಲ್ಲಿ ಕೆಲಸಕ್ಕೆ ಸೇರಿ, ಮುಂದೆ ಕಲ್ಕತ್ತಾ ಹೈಕೋರ್ಟಿನ ನ್ಯಾಯಾಧೀಶರೂ ಆದರು.

ಎರಡನೇ ಮಹಾಯುದ್ಧ 1945ರಲ್ಲಿ ಮುಗಿಯಿತು. ಗೆದ್ದ ನಾಲ್ಕು ದೇಶಗಳು ಆಗಸ್ಟ್ 8ರಂದು ಲಂಡನ್ನಿನಲ್ಲಿ ಒಪ್ಪಂದ ಮಾಡಿಕೊಂಡು, ನಾಜಿ ನಾಯಕರನ್ನು ಜರ್ಮನಿಯ ನ್ಯೂರೆಂಬರ್ಗ್‌ನಲ್ಲಿ ಕಟಕಟೆಗೆ ತಂದವು. 12 ಮಂದಿಗೆ ಮರಣದಂಡನೆ ಆಯಿತು. ಜಪಾನಿನ ನಾಯಕರ ವಿಚಾರಣೆ ಟೋಕಿಯೋದಲ್ಲಿ 1946ರಿಂದ 1948ರವರೆಗೆ ನಡೆಯಿತು. ಅಲ್ಲಿನ 11 ನ್ಯಾಯಾಧೀಶರಲ್ಲಿ ಭಾರತದ ರಾಧಾಬಿನೋದ್ ಪಾಲ್ ಒಬ್ಬರೇ ಎಲ್ಲ ಆರೋಪಿಗಳನ್ನೂ ಬಿಡುಗಡೆ ಮಾಡಬೇಕೆಂದರು. ಜಪಾನ್ ಸೇನೆಯ ಕ್ರೌರ್ಯವನ್ನು ಅವರು ಅಲ್ಲಗಳೆಯಲಿಲ್ಲ. ಕೃತ್ಯ ನಡೆದಾಗ ಇಲ್ಲದ ಕಾನೂನನ್ನು ಆಮೇಲೆ ಮಾಡಿ ಶಿಕ್ಷಿಸಬಾರದು ಎಂಬುದು ಅವರ ವಾದ.

ಊರ ನ್ಯಾಯಕಟ್ಟೆಯಲ್ಲಿ ಹೊಡೆದಾಡಿದ ಒಂದು ಕಡೆಯವರೇ ಕುಳಿತು ತೀರ್ಪು ಹೇಳಿದರೆ ಇನ್ನೊಂದು ಕಡೆಯವರು ಒಪ್ಪುತ್ತಾರೆಯೇ? ಹಾಗೆಂದು ಲಕ್ಷಾಂತರ ಜನರನ್ನು ಕೊಲ್ಲಿಸಿದವರನ್ನು ಸುಮ್ಮನೆ ಬಿಡಲೂ ಆಗದು. ಇನ್ನು ಮುಂದಕ್ಕಾದರೂ ಕಾನೂನನ್ನು ಮೊದಲೇ ಬರೆದಿಡಬೇಕಿತ್ತು.

ಆ ಕೆಲಸವನ್ನು ವಿಶ್ವಸಂಸ್ಥೆ 1947ರ ನವೆಂಬರಿನಲ್ಲಿ ಅಂತರರಾಷ್ಟ್ರೀಯ ಕಾನೂನು ಆಯೋಗಕ್ಕೆ ವಹಿಸಿತು. ಮರುವರ್ಷ ಆಯೋಗಕ್ಕೆ ಆಯ್ಕೆಯಾದ 15 ಮಂದಿಯಲ್ಲಿ ರಾವ್ ಒಬ್ಬರು. 1950ರಲ್ಲಿ ಆಯೋಗ ಏಳು ತತ್ವಗಳನ್ನು ಮುಂದಿಟ್ಟಿತು. ದೇಶದ ಮುಖ್ಯಸ್ಥನಾದರೂ ಅಪರಾಧದಿಂದ ತಪ್ಪಿಸಿಕೊಳ್ಳುವಂತಿಲ್ಲ. ಬೇರೆ ದಾರಿ ಇದ್ದೂ ಮೇಲಿನವರ ಆಜ್ಞೆಯೆಂದು ಮಾಡಿದವನೂ ಹೊಣೆಗಾರ. ಆರೋಪಿ ಎಂಥವನಾದರೂ ನ್ಯಾಯವಾದ ವಿಚಾರಣೆ ಅವನ ಹಕ್ಕು. ಇಂಥವರಿಗಾಗಿ ಶಾಶ್ವತ ನ್ಯಾಯಾಲಯ ಬೇಕು, ಅದು ಸಾಧ್ಯ ಎಂದೂ ಆಯೋಗ ಹೇಳಿತು.

ಅದೇ ವರ್ಷ ಜೂನ್ 25ರಂದು ಕೊರಿಯಾದಲ್ಲಿ ಮತ್ತೆ ಯುದ್ಧ ಹೊತ್ತಿಕೊಂಡಿತು. ಆ ತಿಂಗಳು ಭದ್ರತಾ ಮಂಡಳಿಯ ಅಧ್ಯಕ್ಷರಾಗಿದ್ದವರು ರಾವ್. ವರ್ಷದ ಕೊನೆಗೆ ಕದನ ವಿರಾಮಕ್ಕೆ ಯತ್ನಿಸಿದ ಮೂವರ ತಂಡದಲ್ಲೂ ಅವರಿದ್ದರು. ಆ ಯತ್ನ ಫಲಿಸಲಿಲ್ಲ.

1952ರಲ್ಲಿ ಅವರು ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯದ ನ್ಯಾಯಾಧೀಶರಾದರು. ಕಾನೂನು ಆಯೋಗಕ್ಕೆ ಅವರ ನಂತರ ಭಾರತದಿಂದ ಬಂದವರು ಟೋಕಿಯೋದ ಅದೇ ಪಾಲ್. 1953ರ ನವೆಂಬರ್ 30ರಂದು ರಾವ್ ಜ್ಯೂರಿಕ್‌ನಲ್ಲಿ ತೀರಿಕೊಂಡರು. ಆಗ ಅವರಿಗೆ 66 ವರ್ಷ.

ರಾವ್ ಕುಳಿತಿದ್ದ ಹೇಗ್ ನ್ಯಾಯಾಲಯ ದೇಶ ದೇಶಗಳ ವ್ಯಾಜ್ಯ ಕೇಳುವಂಥದ್ದು. ವ್ಯಕ್ತಿಗಳನ್ನು ವಿಚಾರಿಸುವ ಶಾಶ್ವತ ಅಪರಾಧ ನ್ಯಾಯಾಲಯ ಅದೇ ಊರಿನಲ್ಲಿ ಶುರುವಾಗಲು 2002 ಬರಬೇಕಾಯಿತು. ನ್ಯೂರೆಂಬರ್ಗ್ ನಡೆಸಿದ ನಾಲ್ವರಲ್ಲಿ ಅಮೆರಿಕ, ರಷ್ಯಾ ಇಂದಿಗೂ ಅದರ ಸದಸ್ಯರಲ್ಲ. ಭಾರತವೂ ಸೇರಿಲ್ಲ. ತತ್ವಗಳು ಬರೆದಿಟ್ಟು ಮುಕ್ಕಾಲು ಶತಮಾನವಾಯಿತು. ಗೆದ್ದವರನ್ನೂ ಸೋತವರನ್ನೂ ಒಂದೇ ಕಟಕಟೆಗೆ ತರುವ ಕೆಲಸ ಇನ್ನೂ ಉಳಿದಿದೆ.