ಮೂವತ್ತು ದಾಟಿದ ಮೇಲೆ ಹಿಮಕ್ಕಿಳಿದ ಮೇಷ್ಟ್ರು

ಈಜೋ, ಗಿಟಾರೋ ಕಲಿಯೋಣ ಅಂತ ಹಾಸ್ಟೆಲಿನಲ್ಲಿ ಯಾರಾದ್ರೂ ಬಾಯಿ ತೆಗೆದರೆ, ಅದನ್ನೆಲ್ಲ ಚಿಕ್ಕವರಿದ್ದಾಗಲೇ ಕಲೀಬೇಕಿತ್ತು ಅಂತ ನಾವೇ ಸುಮ್ಮನಾಗಿಸಿಬಿಡ್ತೀವಿ. ಇಪ್ಪತ್ತಕ್ಕೇ ನಮಗೆ ವಯಸ್ಸಾಗಿಹೋಗಿದೆ! ಅದಕ್ಕೇ ಈ ಸಲ ಮಥಿಯಾಸ್ ಝ್ಡಾರ್ಸ್ಕಿ ಅವರ ಕಥೆ ಹೇಳ್ತೀವಿ, ಕೇಳಿ.

ಝ್ಡಾರ್ಸ್ಕಿ ಹುಟ್ಟಿದ್ದು 1856ರಲ್ಲಿ, ಇಂದಿನ ಚೆಕ್ ಗಣರಾಜ್ಯದ ಮೊರಾವಿಯಾದಲ್ಲಿ. ಚಿಕ್ಕಂದಿನಲ್ಲೇ ಒಂದು ಕಣ್ಣು ಹೋಯಿತು. ಆದರೂ ಓದಿ ಮೇಷ್ಟ್ರಾದರು, ಚಿತ್ರ ಬರೆದರು, ಶಿಲ್ಪ ಕೆತ್ತಿದರು. ಆಮೇಲೆ ಕೆಲಸ ಬಿಟ್ಟು ಆಸ್ಟ್ರಿಯಾದ ಲಿಲಿಯನ್‌ಫೆಲ್ಡ್ ಊರಿನ ಹತ್ತಿರ, ಬೆಟ್ಟದ ಮೇಲೆ ಜಮೀನು ಕೊಂಡು ಒಬ್ಬರೇ ನೆಲೆಸಿದರು.

ನಾರ್ವೆಯ ನಾನ್ಸೆನ್ 1888ರಲ್ಲಿ ಸ್ಕೀ ಕಟ್ಟಿಕೊಂಡು ಗ್ರೀನ್‌ಲ್ಯಾಂಡ್ ದಾಟಿದ್ದರು. ಆ ಸಾಹಸದ ಬಗ್ಗೆ ಓದಿದ ಝ್ಡಾರ್ಸ್ಕಿ ನಾರ್ವೆಯಿಂದ ಒಂದು ಜೊತೆ ಸ್ಕೀ ತರಿಸಿಯೇಬಿಟ್ಟರು. ಆಗ ಅವರಿಗೆ ಮೂವತ್ತು ದಾಟಿತ್ತು. ಕಲಿಸೋಕೆ ಗುರುವಿಲ್ಲ. ಹಲಗೆಗಳೋ ಹೆಚ್ಚುಕಮ್ಮಿ 3 ಮೀಟರ್ ಉದ್ದ. ಕಡಿದಾದ ಇಳಿಜಾರಿನಲ್ಲಿ ಅವನ್ನು ತಿರುಗಿಸೋದೇ ಕಷ್ಟ.

ನಾವಾಗಿದ್ರೆ ಇದು ನಮ್ಮ ಕೈಲಾಗೋದಲ್ಲ ಅಂತ ಮೂಲೆಗಿಡ್ತಿದ್ವಿ. ಅವರು ಉಪಕರಣವನ್ನೇ ಪರೀಕ್ಷೆಗೆ ಕೂರಿಸಿದರು. ನಾರ್ವೆಯ ಸ್ಕೀಯಲ್ಲಿ ಪಟ್ಟಿ ಬಿಗಿಯುತ್ತಿದ್ದುದು ಬೂಟಿನ ಮುಂಭಾಗವನ್ನು. ಹಿಮ್ಮಡಿ ಅತ್ತಿತ್ತ ಜಾರುತ್ತಿತ್ತು. ಕಾಲು ತಿರುಗಿದರೂ ಹಲಗೆ ತಿರುಗುತ್ತಿರಲಿಲ್ಲ. ದೂರ ನಡೆಯೋಕೆ ಅದು ಸಾಕು, ಆಲ್ಪ್ಸ್ ಇಳಿಯೋಕೆ ಸಾಲದು. ಅವರು ಹಲಗೆ ಗಿಡ್ಡ ಮಾಡಿದರು. ಬೂಟಿನಡಿಗೆ ಉಕ್ಕಿನ ತಟ್ಟೆ ಕೂರಿಸಿ, ಮುಂದೆ ಕೀಲು, ಸ್ಪ್ರಿಂಗ್ ಇಟ್ಟರು. ಈಗ ಹಿಮ್ಮಡಿ ಮೇಲೇಳುತ್ತಿತ್ತು, ಪಕ್ಕಕ್ಕೆ ಮಾತ್ರ ಜಾರುತ್ತಿರಲಿಲ್ಲ. ಸ್ಕೀಯ ಹಿಂತುದಿಯನ್ನು ಹೊರಕ್ಕೆ ತಳ್ಳಿ ವೇಗ ತಗ್ಗಿಸುತ್ತಾ ತಿರುಗುವ ಕ್ರಮವನ್ನು ವರ್ಷಗಟ್ಟಲೆ ಬಿದ್ದು ಎದ್ದು ಹದಕ್ಕೆ ತಂದರು. 1897ರ ಹೊತ್ತಿಗೆ ಇದನ್ನೆಲ್ಲ ಪುಸ್ತಕವಾಗಿಯೂ ಬರೆದರು.

ಆಮೇಲೆ ಹಳೇ ಮೇಷ್ಟ್ರು ಮತ್ತೆ ಮೇಷ್ಟ್ರಾದರು. ವಿಯೆನ್ನಾದಿಂದಲೂ ಬಂದ ಸಾವಿರಾರು ಜನಕ್ಕೆ ಒಂದು ಕಾಸೂ ತಗೊಳ್ಳದೆ ಸ್ಕೀ ಕಲಿಸಿದರು. 1905ರ ಮಾರ್ಚ್ 19ರಂದು ಮುಕ್ಕನ್‌ಕೋಗೆಲ್ ಬೆಟ್ಟದಲ್ಲಿ 85 ಗೇಟುಗಳ ನಡುವೆ ತಿರುಗುತ್ತಾ ಇಳಿಯುವ ಸ್ಪರ್ಧೆ ಇಟ್ಟರು; 24 ಜನ ಇಳಿದರು. ಇಂದಿನ ಸ್ಲಾಲಮ್ ಪಂದ್ಯಗಳ ಪೂರ್ವಜ ಅದು.

ಹಾಗಂತ ಅವರು ಹೇಳಿದ್ದೆಲ್ಲ ನಿಲ್ಲಲಿಲ್ಲ. ಒಂದೇ ಉದ್ದನೆ ಕೋಲು ಸಾಕು ಅನ್ನೋದು ಅವರ ಹಟ. ನಾರ್ವೆ ಶೈಲಿಯವರ ಜೊತೆ ಜೋರು ಜಗಳವೂ ನಡೆಯಿತು. ಕೊನೆಗೆ ಜಗತ್ತು ಹಿಡಿದದ್ದು ಎರಡು ಕೋಲನ್ನೇ.

ಮೊದಲ ಮಹಾಯುದ್ಧದಲ್ಲಿ ಅವರು ಸೈನಿಕರಿಗೆ ಹಿಮಕುಸಿತದ ಅಪಾಯ ತಿಳಿಸಿಕೊಡುವ ತಜ್ಞರಾಗಿದ್ದರು. 1916ರಲ್ಲಿ ಅಂಥದೇ ಕುಸಿತ ಅವರನ್ನು ಹೂತುಹಾಕಿತು. ಮೈಯಲ್ಲಿ ಸುಮಾರು 80 ಕಡೆ ಮೂಳೆ ಮುರಿದಿತ್ತು, ಕೀಲು ತಪ್ಪಿತ್ತು. ವಯಸ್ಸು ಅರವತ್ತು. ಮೊದಲು ಸ್ಕೀಯನ್ನು ಬಿಚ್ಚಿ ಜೋಡಿಸಿದ್ದ ಮನುಷ್ಯ ಈ ಸಲ ತನ್ನ ಮೈಯನ್ನೇ ರಿಪೇರಿಗೆ ತಗೊಂಡರು. ತಾವೇ ರೂಪಿಸಿಕೊಂಡ ವ್ಯಾಯಾಮ ಮಾಡುತ್ತಾ ಮಾಡುತ್ತಾ ಮತ್ತೆ ಹಿಮದ ಮೇಲೆ ನಿಂತರು. ತೀರಿಕೊಂಡದ್ದು 1940ರಲ್ಲಿ, 84ನೇ ವಯಸ್ಸಿಗೆ.

ನಮ್ಮ ಸಂಪಾದಕ ಬಳಗದಲ್ಲಿ ಮೂವರಿಗೆ ಈಜು ಬರಲ್ಲ. ಈ ರಜೆಯಲ್ಲಿ ಹೆಸರು ಕೊಡ್ತಿದ್ದೀವಿ. ನೀವೂ ಬರ್ತೀರಾ?