ಮೋಕ್ಷಗುಂಡಂ ವಿಶ್ವೇಶ್ವರಯ್ಯ

ಸರ್ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು ಪ್ರಸಿದ್ಧ ಇಂಜಿನಿಯರು, ಮೈಸೂರು ಸಂಸ್ಥಾನದ ದಿವಾನರು ಹಾಗೂ ಭಾರತದಲ್ಲಿ ತ್ವರಿತ ಕೈಗಾರಿಕೀಕರಣದ ಪ್ರಬಲ ಪ್ರತಿಪಾದಕರು. ಕನ್ನಂಬಾಡಿ ಕಟ್ಟೆಯ ನಿರ್ಮಾತೃ ಎಂದೇ ಅವರು ಜನಜನಿತರು. ಆದರೆ ಅವರ ಸಾರ್ವಜನಿಕ ಬದುಕಿನ ಕೊನೆಯ ನಾಲ್ಕು ದಶಕಗಳನ್ನು ಆವರಿಸಿದ್ದು, ಯಂತ್ರೋದ್ಯಮ ವೇಗವಾಗಿ ಬೆಳೆಯದೆ ದೇಶ ಉಳಿಯದು ಎಂಬ ನಂಬಿಕೆ.

ಜೀವನ

ಜನ್ಮಸ್ಥಳ ಚಿಕ್ಕಬಳ್ಳಾಪುರದ ಸಮೀಪದ ಮುದ್ದೇನಹಳ್ಳಿ. ಜನ್ಮದಿನವಾದ ಸೆಪ್ಟೆಂಬರ್ 15ನ್ನು ದೇಶದಲ್ಲಿ ಇಂಜಿನಿಯರುಗಳ ದಿನವಾಗಿ ಆಚರಿಸಲಾಗುತ್ತದೆ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿಯೂ ಪುಣೆಯ ವಿಜ್ಞಾನ ಕಾಲೇಜಿನಲ್ಲಿಯೂ ಓದಿ, 1884ರಲ್ಲಿ ಮುಂಬಯಿ ಪ್ರಾಂತದ ಲೋಕೋಪಯೋಗಿ ಇಲಾಖೆಯನ್ನು ಸೇರಿದರು. 1898ರಲ್ಲಿ ಕೈಗೊಂಡ ಜಪಾನ್ ಪ್ರವಾಸ ಅವರ ವಿಚಾರಗಳಿಗೆ ದಿಕ್ಕು ತೋರಿತು. ಏಷ್ಯಾದ ಒಂದು ದೇಶ ಒಂದೇ ತಲೆಮಾರಿನಲ್ಲಿ ಶಾಲೆ ಮತ್ತು ಕಾರ್ಖಾನೆಗಳ ಬಲದಿಂದ ಮೇಲೆದ್ದುದನ್ನು ಅವರು ಕಣ್ಣಾರೆ ಕಂಡರು.

1909ರಲ್ಲಿ ಮೈಸೂರಿನ ಮುಖ್ಯ ಇಂಜಿನಿಯರಾಗಿ, 1912ರಲ್ಲಿ ದಿವಾನರಾಗಿ ನೇಮಕಗೊಂಡರು. ಮೈಸೂರು ಬ್ಯಾಂಕ್ (1913) ಮತ್ತು ಮೈಸೂರು ವಿಶ್ವವಿದ್ಯಾನಿಲಯ (1916) ಅವರ ಅಧಿಕಾರಾವಧಿಯ ಕೊಡುಗೆಗಳು.

ದಿವಾನಗಿರಿಯ ಅಂತ್ಯ ಸುಗಮವಾಗಿರಲಿಲ್ಲ. ಸರ್ಕಾರಿ ಹುದ್ದೆಗಳಲ್ಲಿ ಹಿಂದುಳಿದ ವರ್ಗಗಳಿಗೆ ಪ್ರಾತಿನಿಧ್ಯ ಕೊಡುವ ವಿಚಾರವಾಗಿ 1918ರಲ್ಲಿ ಮಿಲ್ಲರ್ ಸಮಿತಿ ರಚನೆಯಾಯಿತು. ಇದರಿಂದ ಆಡಳಿತದ ದಕ್ಷತೆ ಕುಗ್ಗುವುದೆಂದು ಭಾವಿಸಿದ ವಿಶ್ವೇಶ್ವರಯ್ಯನವರು ಅಧಿಕಾರವನ್ನು ತ್ಯಜಿಸಿದರು. ವೇಗದ ಪ್ರಗತಿಯ ರಥದಲ್ಲಿ ಯಾರಿಗೆ ಸ್ಥಾನವುಂಟು, ಯಾರಿಗಿಲ್ಲ ಎಂಬ ಪ್ರಶ್ನೆಗೆ ಅವರ ಬರಹಗಳಲ್ಲಿ ತೃಪ್ತಿಕರ ಉತ್ತರ ದೊರೆಯುವುದಿಲ್ಲ.

ವೇಗದ ವಾದ

1934ರಲ್ಲಿ ಪ್ರಕಟವಾದ ಯೋಜಿತ ಅರ್ಥವ್ಯವಸ್ಥೆ ಕುರಿತ ಇಂಗ್ಲಿಷ್ ಗ್ರಂಥದಲ್ಲಿ, ರಾಷ್ಟ್ರೀಯ ಆದಾಯವನ್ನು ಹತ್ತು ವರ್ಷಗಳಲ್ಲಿ ಇಮ್ಮಡಿಗೊಳಿಸುವ ಯೋಜನೆಯನ್ನು ಅವರು ಮುಂದಿಟ್ಟರು. ಬೇಸಾಯವನ್ನೇ ನಂಬಿದವರಲ್ಲಿ ಒಂದು ಭಾಗ ಉದ್ಯಮಗಳತ್ತ ಸಾಗಬೇಕೆಂಬುದು ಅದರ ತಿರುಳು. ಈಚಿನ ಪಾಶ್ಚಾತ್ಯ ಚಿಂತನೆಯಲ್ಲಿ ವೇಗವರ್ಧನವಾದ ಎನಿಸಿಕೊಂಡ ತೀವ್ರ ಪಂಥಗಳೊಡನೆ ಇದನ್ನು ಬೆರೆಸಬಾರದು. ಆ ಪಂಥಗಳಲ್ಲಿ ಕೆಲವು ಬಂಡವಾಳಶಾಹಿಯ ಗತಿಯನ್ನು ಅದು ತಾನಾಗಿ ಮುರಿದುಬೀಳುವವರೆಗೆ ಹೆಚ್ಚಿಸಬಯಸುತ್ತವೆ. ವಿಶ್ವೇಶ್ವರಯ್ಯನವರು ಬಯಸಿದ್ದು ಲೆಕ್ಕವಿಟ್ಟ, ಶಿಸ್ತಿನ ವೇಗ. ಆದರೂ ವೇಗದ ಬೆಲೆಯನ್ನು ಯಾರು ತೆರಬೇಕು ಎಂಬ ಆಕ್ಷೇಪ ಎರಡಕ್ಕೂ ಸಮಾನ.

ಟೀಕೆಗಳು

ಗಾಂಧೀಜಿಯವರು 1909ರ ಹಿಂದ್ ಸ್ವರಾಜ್ ಕೃತಿಯಲ್ಲಿಯೇ ಯಂತ್ರನಾಗರಿಕತೆಯನ್ನು ಅಲ್ಲಗಳೆದಿದ್ದರು. ಹಳ್ಳಿಯ ಕೈಗಳಿಗೆ ಕೆಲಸವಿಲ್ಲದಿರುವಾಗ ಯಂತ್ರಗಳನ್ನು ಹೆಚ್ಚಿಸುವುದು ಅವರಿಗೆ ಒಪ್ಪಿಗೆಯಿರಲಿಲ್ಲ. ವಿಶ್ವೇಶ್ವರಯ್ಯನವರ ಗ್ರಂಥ ಬಂದ ವರ್ಷವೇ ಜೆ. ಸಿ. ಕುಮಾರಪ್ಪನವರನ್ನು ಮುಂದಿಟ್ಟುಕೊಂಡು ಅಖಿಲ ಭಾರತ ಗ್ರಾಮೋದ್ಯೋಗ ಸಂಘ ಸ್ಥಾಪನೆಯಾದುದು ಗಮನಾರ್ಹ. ವಿರೋಧ ವಿಚಾರಕ್ಕೆ ಸೀಮಿತವಾಗಿತ್ತು. 1927ರಲ್ಲಿ ಭದ್ರಾವತಿಗೆ ಬಂದ ಗಾಂಧೀಜಿ ಅಲ್ಲಿನ ಸಾಧನೆಯನ್ನು ಮೆಚ್ಚಿಕೊಂಡರು.

ಭದ್ರಾವತಿಯ ಕಬ್ಬಿಣದ ಕಾರ್ಖಾನೆ 1923ರಲ್ಲಿ ಉತ್ಪಾದನೆ ಆರಂಭಿಸಿತು. ಅದರ ಕುಲುಮೆಗೆ ಕಲ್ಲಿದ್ದಲಿನ ಬದಲು ಮಲೆನಾಡಿನ ಮರದ ಇದ್ದಲು ಬಳಕೆಯಾಯಿತು. ಮೊದಲ ವರ್ಷಗಳಲ್ಲಿ ನಷ್ಟ ಅನುಭವಿಸುತ್ತಿದ್ದ ಈ ಕಾರ್ಖಾನೆಯನ್ನು ಆಡಳಿತ ಮಂಡಲಿಯ ಅಧ್ಯಕ್ಷರಾಗಿ ಸರಿದಾರಿಗೆ ತಂದವರು ವಿಶ್ವೇಶ್ವರಯ್ಯನವರೇ. ಕಾಡಿನ ಲೆಕ್ಕವನ್ನು ಆ ಕಾಲದಲ್ಲಿ ಕೇಳಿದವರು ವಿರಳ.

ಹರಿಹರ ಮತ್ತು ದಾವಣಗೆರೆ

ಭದ್ರಾವತಿಯ ಮುಂದೆ ಕೂಡಲಿಯಲ್ಲಿ ತುಂಗೆಯೊಡನೆ ಸೇರುವ ಭದ್ರೆ, ತುಂಗಭದ್ರೆಯಾಗಿ ಹರಿಹರವನ್ನು ಮುಟ್ಟುತ್ತದೆ. ಅಲ್ಲಿ 1941ರಲ್ಲಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಆರಂಭವಾಗಿ ಲೇತ್ ಯಂತ್ರಗಳನ್ನು ತಯಾರಿಸತೊಡಗಿತು. ನೆರೆಯ ದಾವಣಗೆರೆ ಹತ್ತಿ ಗಿರಣಿಗಳಿಂದಾಗಿ ಕರ್ನಾಟಕದ ಮ್ಯಾಂಚೆಸ್ಟರ್ ಎನಿಸಿಕೊಂಡಿತು. ವಿಶ್ವೇಶ್ವರಯ್ಯನವರು ಬಯಸಿದ ಕೈಗಾರಿಕಾ ನಾಡು ಈ ಭಾಗದಲ್ಲಿ ಕೆಲಕಾಲ ನಿಜವಾದಂತೆ ತೋರಿತು. 1955ರಲ್ಲಿ ಅವರಿಗೆ ಭಾರತರತ್ನ ದೊರೆಯಿತು. 1962ರ ಏಪ್ರಿಲ್‌ನಲ್ಲಿ, ನೂರು ವರ್ಷ ತುಂಬಿದ ಬಳಿಕ, ಅವರು ನಿಧನರಾದರು.

ಮುಂದಿನ ಬೆಳವಣಿಗೆಗಳನ್ನು ಅವರು ಕಾಣಲಿಲ್ಲ. 1970ರ ದಶಕದಲ್ಲಿ ಹರಿಹರದ ಎದುರು ದಡದ ಕುಮಾರಪಟ್ಟಣದಲ್ಲಿ ಮರದ ತಿರುಳು ಮತ್ತು ಕೃತಕ ನಾರಿನ ಕಾರ್ಖಾನೆಗಳು ತಲೆಯೆತ್ತಿದವು. ಹೊಳೆಯ ನೀರು ಕೆಟ್ಟಿತೆಂದೂ ಮೀನುಗಳು ಸತ್ತವೆಂದೂ ತೀರದ ಹಳ್ಳಿಗರು ದೂರಿದರು. ಸಮಾಜ ಪರಿವರ್ತನ ಸಮುದಾಯ ಅವರ ಹೋರಾಟವನ್ನು ಸಂಘಟಿಸಿತು. 1987ರಲ್ಲಿ ಕುಸನೂರಿನ ಜನ ತಮ್ಮ ಗೋಮಾಳದಲ್ಲಿ ನೆಟ್ಟಿದ್ದ ನೀಲಗಿರಿ ಸಸಿಗಳನ್ನು ಕಿತ್ತು ತಮಗೆ ಬೇಕಾದ ಗಿಡಗಳನ್ನು ನೆಟ್ಟು ಕಿತ್ತಿಕೋ-ಹಚ್ಚಿಕೋ ಸತ್ಯಾಗ್ರಹ ನಡೆಸಿದರು. ದಾವಣಗೆರೆಯ ಹಳೆಯ ಗಿರಣಿಗಳು ಒಂದೊಂದಾಗಿ ಬಾಗಿಲು ಹಾಕಿದವು. 2000ದ ದಶಕದ ಆರಂಭದ ವೇಳೆಗೆ ಹರಿಹರದ ಲೇತ್ ಕಾರ್ಖಾನೆಯೂ ಮುಚ್ಚಿ, ಅದನ್ನೇ ನಂಬಿದ್ದ ಕಾರ್ಮಿಕರು ಬೇರೆ ದುಡಿಮೆ ಹುಡುಕಬೇಕಾಯಿತು.