ರಾಜಾ ರವಿವರ್ಮ: ನೋಡಿ ಕಲಿತ ಕಲಾವಿದ

ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಒಂದು ಲೇಖನ ಬೇಕೆಂದು ಸಮಿತಿಯವರು ಕೇಳಿದಾಗ, ಈ ಶಾಲೆಯಲ್ಲಿ ಬಹುಕಾಲ ಚಿತ್ರಕಲೆ ಕಲಿಸಿದ ನನಗೆ ಮೊದಲು ನೆನಪಾದವರು ರಾಜಾ ರವಿವರ್ಮರು. ಅದರ ಕಾರಣವನ್ನು ಕೊನೆಯಲ್ಲಿ ಅರಿಕೆ ಮಾಡುತ್ತೇನೆ.

ರವಿವರ್ಮರು 1848ರ ಏಪ್ರಿಲ್ 29ರಂದು ತಿರುವಾಂಕೂರಿನ ಕಿಳಿಮಾನೂರು ಅರಮನೆಯಲ್ಲಿ ಜನಿಸಿದರು. ಗೋಡೆಗಳ ಮೇಲೆ ಇದ್ದಿಲಿನಿಂದ ಚಿತ್ರ ಬರೆಯುತ್ತಿದ್ದ ಬಾಲಕನಿಗೆ ಸೋದರಮಾವ ರಾಜರಾಜವರ್ಮರೇ ಮೊದಲ ಗುರು. ಹದಿನಾಲ್ಕನೆಯ ವಯಸ್ಸಿನಲ್ಲಿ ತಿರುವನಂತಪುರಕ್ಕೆ ಬಂದು ಮಹಾರಾಜ ಆಯಿಲ್ಯಂ ತಿರುನಾಳರ ಆಶ್ರಯ ಪಡೆದರು. ಜಲವರ್ಣ ಕೈವಶವಾಯಿತು, ತೈಲವರ್ಣದ ಬಾಗಿಲು ಮಾತ್ರ ತೆರೆಯಲಿಲ್ಲ. ಆ ವಿದ್ಯೆ ಬಲ್ಲ ರಾಮಸ್ವಾಮಿ ನಾಯ್ಕರ್ ಕಲಿಸಲು ಒಪ್ಪಲಿಲ್ಲ. ಅವರ ಶಿಷ್ಯ ಆರುಮುಗಂ ಪಿಳ್ಳೆ ಗುಟ್ಟಾಗಿ ಕೆಲವನ್ನು ಹೇಳಿಕೊಟ್ಟರೆಂದು ಪ್ರತೀತಿ. 1868ರಲ್ಲಿ ಅರಮನೆಯವರ ಭಾವಚಿತ್ರ ರಚಿಸಲು ಬಂದ ಥಿಯೋಡರ್ ಜೆನ್ಸನ್ ಎಂಬ ಐರೋಪ್ಯ ಕಲಾವಿದರೂ ಪಾಠ ಹೇಳಲಿಲ್ಲ. ಕೆಲಸ ನೋಡುತ್ತ ನಿಲ್ಲಲು ಮಾತ್ರ ಅನುಮತಿಯಿತ್ತರು. ತರುಣನಿಗೆ ಅಷ್ಟೇ ಸಾಕಾಯಿತು. ಕಂಡದ್ದನ್ನು ಕಣ್ಣಿನಲ್ಲಿಯೇ ಹೊತ್ತು ತಂದು, ಕುಂಚ ಹಿಡಿದು ಮತ್ತೆ ಮತ್ತೆ ಸಾಧಿಸಿದರು.

1870ರಲ್ಲಿ ಕೊಲ್ಲೂರಿಗೆ ಬಂದು ಮೂಕಾಂಬಿಕೆಯ ಸನ್ನಿಧಿಯಲ್ಲಿ 41 ದಿನಗಳ ವ್ರತ ಆಚರಿಸಿದರು. ಅಂದು ಕೊಲ್ಲೂರೂ ನಮ್ಮ ಕಾಸರಗೋಡೂ ಒಂದೇ ದಕ್ಷಿಣ ಕನ್ನಡ ಜಿಲ್ಲೆಯಲ್ಲಿದ್ದವು. ಮರಳುವಾಗ ಕಲ್ಲಿಕೋಟೆಯಲ್ಲಿ ಕೃಷ್ಣ ಮೆನನ್ ಕುಟುಂಬದ ಚಿತ್ರ ರಚಿಸಿ ಮೊದಲ ಸಂಭಾವನೆ ಪಡೆದರು. 1873ರಲ್ಲಿ ವಿಯೆನ್ನಾದಲ್ಲಿ, 1893ರಲ್ಲಿ ಶಿಕಾಗೋದಲ್ಲಿ ಅವರ ಕೃತಿಗಳಿಗೆ ಪುರಸ್ಕಾರ ದೊರೆಯಿತು. 1894ರಲ್ಲಿ ಮುಂಬಯಿಯಲ್ಲಿ ಮುದ್ರಣಾಲಯ ತೆರೆದ ಮೇಲೆ ಅವರ ಲಕ್ಷ್ಮೀ, ಸರಸ್ವತಿಯರು ಬಡವರ ಮನೆಗಳ ಗೋಡೆಗಳನ್ನೂ ಅಲಂಕರಿಸಿದರು. 1906ರ ಅಕ್ಟೋಬರ್ 2ರಂದು ಅವರು ನಿಧನರಾದರು.

ನಾನು ತೈಲವರ್ಣ ಕಲಿತದ್ದು ಅವರ ಕೃತಿಯೊಂದನ್ನು ನಕಲು ಮಾಡಿ. ಹನ್ನೊಂದು ಸ್ತ್ರೀಯರು ವಾದ್ಯಗಳೊಂದಿಗೆ ಸೇರಿದ ಸಂಗೀತಗಾರ್ತಿಯರ ಚಿತ್ರದ ಅಚ್ಚಿನ ಪ್ರತಿಗೆ ಚೌಕುಳಿ ಗೆರೆ ಎಳೆದು, ವೀಣೆ ಹಿಡಿದವಳ ಮುಖವನ್ನು ಕ್ಯಾನ್ವಾಸಿಗೆ ಇಳಿಸಿದೆ. ಗೆರೆ ಸರಿಯಾಗಿತ್ತು, ಮುಖ ಮಾತ್ರ ಮಣ್ಣಿನ ಬೊಂಬೆಯಂತಿತ್ತು. ಮುಂದೆ ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ಮೂಲಕೃತಿಯ ಎದುರು ನಿಂತಾಗ ನನ್ನ ತಪ್ಪು ತಿಳಿಯಿತು. ನಾನು ನೆರಳಿಗೆಂದು ಕಪ್ಪು ಬೆರೆಸಿದ್ದೆ. ಅಲ್ಲಿ ನೆರಳಿಗೂ ತನ್ನದೇ ಬಣ್ಣವಿತ್ತು. ಊರಿಗೆ ಬಂದು, ಅಗಸೆ ಎಣ್ಣೆಯಲ್ಲಿ ಬಣ್ಣವನ್ನು ತೆಳುವಾಗಿ ಕಲಸಿ, ಒಂದು ಪದರ ಒಣಗುವವರೆಗೆ ಕಾದು ಇನ್ನೊಂದನ್ನು ಹಚ್ಚಿದೆ. ಆ ಕಾಯುವಿಕೆಯೇ ನನ್ನ ಗುರುವಾಯಿತು.

ಇನ್ನು ಅರಿಕೆಯ ಮಾತು. ಒಮ್ಮೆ ವಾರ್ಷಿಕೋತ್ಸವಕ್ಕಾಗಿ ಭಾವಚಿತ್ರವೊಂದನ್ನು ರಚಿಸುತ್ತಿದ್ದೆ. ಎಂಟನೆಯ ತರಗತಿಯ ಹುಡುಗನೊಬ್ಬ ದಿನವೂ ಕಿಟಕಿಯ ಬಳಿ ನಿಲ್ಲುತ್ತಿದ್ದ. ತನಗೂ ಕಲಿಸಬೇಕೆಂದು ಒಂದು ದಿನ ಕೇಳಿದ. ಬಣ್ಣ ದುಬಾರಿ, ಪರೀಕ್ಷೆ ಹತ್ತಿರವಾಯಿತು ಎಂದು ಗದರಿಸಿ ಕಿಟಕಿ ಮುಚ್ಚಿದೆ. ಅವನು ಮತ್ತೆ ಬರಲಿಲ್ಲ. ರವಿವರ್ಮರ ಚರಿತ್ರೆ ಓದಿದಾಗಲೆಲ್ಲ ಆ ಮುಖ ಎದುರು ನಿಲ್ಲುತ್ತದೆ. ಜೆನ್ಸನ್ ಕಲಿಸದಿದ್ದರೂ ನೋಡಲು ಬಿಟ್ಟರು. ನಾನು ಅಷ್ಟನ್ನೂ ಮಾಡಲಿಲ್ಲ. ಅಂದಿನಿಂದ ನಿವೃತ್ತಿಯವರೆಗೆ ನನ್ನ ಕೋಣೆಯ ಕಿಟಕಿಯನ್ನು ಮುಚ್ಚಿದವನಲ್ಲ. ಈ ಶಾಲೆಯಲ್ಲಿ ಮುಂದೆ ಕುಂಚ ಹಿಡಿಯುವ ಗುರುಗಳಲ್ಲಿಯೂ ನನ್ನ ವಿನಂತಿ ಇಷ್ಟೇ.